ಹಳೇ ಕಾಲದ ಅಚ್ಚಿನ ಬಟ್ಟೆ, ಈಗಿನ ಮನೆ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯವರು ಮೀಟರಿನಲ್ಲಿ ಅಳೆಯುತ್ತಾರೆ, ಟೇಲರ್ ಇಂಚಿನಲ್ಲಿ ಕತ್ತರಿಸುತ್ತಾರೆ. ಹಾಗಾಗಿ ಇಲ್ಲಿ ಎರಡೂ ಲೆಕ್ಕ ಇವೆ. 1 ಮೀಟರ್ ಎಂದರೆ 39 ಇಂಚಿಗೆ ಸ್ವಲ್ಪ ಹೆಚ್ಚು.

ಅಂಗಡಿಗೆ ಹೋಗಿ "ವಿಂಟೇಜ್ ಪ್ರಿಂಟ್" ಅಂದರೆ ಏನೇನೋ ತೋರಿಸುತ್ತಾರೆ. ಏನಂತ ಕೇಳಬೇಕು?

ಹೆಸರು ಹಿಡಿದು ಕೇಳಿ. ಬಿಳಿ ಅಥವಾ ಕೆನೆ ಬಣ್ಣದ ನೆಲದ ಮೇಲೆ ಸಣ್ಣ ಹೂಬಳ್ಳಿ ಬೇಕಿದ್ದರೆ ಸಾಂಗಾನೇರಿ. ಮಣ್ಣುಬಣ್ಣದ ನೆಲ, ಕಪ್ಪು ಮತ್ತು ಇಟ್ಟಿಗೆ ಕೆಂಪು ಬೇಕಿದ್ದರೆ ಬಗ್ರು. ಇವೆರಡೂ ಜೈಪುರದ ಅಕ್ಕಪಕ್ಕದ ಊರುಗಳು. ಕಡುನೀಲಿ ಮತ್ತು ಮಂಜಿಷ್ಠ ಬೇರಿನ ಕೆಂಪಿನಲ್ಲಿ ಜಾಲರಿಯಂಥ ನಕ್ಷೆ ಬೇಕಿದ್ದರೆ ಕಛ್‌ನ ಅಜ್ರಖ್. ದೊಡ್ಡ ಬಳ್ಳಿ, ನವಿಲು, ಜೀವವೃಕ್ಷ ಬೇಕಿದ್ದರೆ ಆಂಧ್ರದ ಕಲಂಕಾರಿ. ಮಚಲಿಪಟ್ಟಣ ಮತ್ತು ಪೆಡನದ ಕಲಂಕಾರಿಯನ್ನು ಮರದ ಅಚ್ಚಿನಿಂದ ಒತ್ತುತ್ತಾರೆ. ಶ್ರೀಕಾಳಹಸ್ತಿಯದು ಕಲಮಿನಿಂದ ಬರೆದದ್ದು, ಅದನ್ನು ಗೋಡೆಗೆ ಹಾಕಬೇಕೇ ಹೊರತು ಪರದೆಗಾಗಿ ಕತ್ತರಿಸಬಾರದು.

"ಇಂಗ್ಲಿಷ್ ಹೂವು", "ಫ್ರೆಂಚ್ ಚಿತ್ರ" ಎಂದು ಮಾರುವ ನಕ್ಷೆಗಳ ಬೇರು ಕೂಡ ಇಲ್ಲಿಯದೇ. ನಮ್ಮ ಪೂರ್ವ ಕರಾವಳಿಯ ಚೀಟಿ ಬಟ್ಟೆ ಯುರೋಪಿನಲ್ಲಿ ಎಷ್ಟು ಹಬ್ಬಿತೆಂದರೆ, ಅಲ್ಲಿನ ನೇಕಾರರ ಗಲಾಟೆಗೆ ಮಣಿದು ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಮರುವರ್ಷವೇ ಓಬರ್‌ಕಾಂಫ್ ಎಂಬಾತ ಜೂಯಿ ಎಂಬ ಊರಲ್ಲಿ ಅಚ್ಚಿನ ಕಾರ್ಖಾನೆ ಹಾಕಿದ. ಬಿಳಿ ಬಟ್ಟೆಯ ಮೇಲೆ ಒಂದೇ ಬಣ್ಣದಲ್ಲಿ ಹಳ್ಳಿಯ ದೃಶ್ಯಗಳಿರುವ "ಟ್ವಾಲ್" ಬಟ್ಟೆಗೆ ಆ ಊರಿನ ಹೆಸರೇ ನಿಂತಿತು. ಹಕ್ಕಿ, ಎಲೆ, ಹಣ್ಣು ಒತ್ತಾಗಿ ಹೆಣೆದುಕೊಂಡ ನಕ್ಷೆಗಳು ಇಂಗ್ಲೆಂಡಿನ ವಿಲಿಯಂ ಮಾರಿಸ್‌ನವು. ಆತ ತೀರಿಕೊಂಡದ್ದು 1896ರಲ್ಲಿ. ಆ ನಕ್ಷೆಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಯಾರು ಬೇಕಾದರೂ ಒತ್ತಬಹುದು, ಅಗ್ಗದ ಪಾಲಿಯೆಸ್ಟರ್ ಮೇಲೂ ಒತ್ತುತ್ತಾರೆ. ನಕ್ಷೆಯ ಹೆಸರು ಕೇಳಿ ಬಟ್ಟೆಯ ಗುಣ ಅಳೆಯಬೇಡಿ.

ಕೈ ಅಚ್ಚೋ, ಯಂತ್ರದ್ದೋ ಗುರುತಿಸುವುದು ಹೇಗೆ?

ಬಟ್ಟೆಯ ಹಿಂಬದಿ ನೋಡಿ. ಸಹಜ ಬಣ್ಣದ ಕೈ ಅಚ್ಚಿನಲ್ಲಿ ಬಣ್ಣ ಹಿಂದಕ್ಕೂ ಇಳಿದಿರುತ್ತದೆ. ಡಿಜಿಟಲ್ ಪ್ರಿಂಟಿನ ಹಿಂಬದಿ ಬಹುತೇಕ ಬೆಳ್ಳಗಿರುತ್ತದೆ. ಆಮೇಲೆ ಒಂದೇ ಹೂವನ್ನು ನಾಲ್ಕು ಕಡೆ ಹುಡುಕಿ. ಕೈ ಅಚ್ಚಿನಲ್ಲಿ ಒಂದು ಕಡೆ ಗೆರೆ ದಪ್ಪ, ಇನ್ನೊಂದು ಕಡೆ ಕೆಂಪು ಬಣ್ಣ ಕಪ್ಪು ಗೆರೆಯಿಂದ ಕೂದಲೆಳೆಯಷ್ಟು ಜಾರಿರುತ್ತದೆ. ಅಚ್ಚಿನ ಮೂಲೆಯಲ್ಲಿ ಜೋಡಣೆಗೆಂದು ಬಿಟ್ಟ ಸಣ್ಣ ಚುಕ್ಕಿಗಳೂ ಕಾಣುತ್ತವೆ. ಇದು ದೋಷವಲ್ಲ. ಆದರೆ ಎರಡು ಅಚ್ಚುಗಳ ನಡುವೆ ಕಾಲು ಇಂಚು ಬಿಳಿ ಪಟ್ಟೆ ಉಳಿದಿದ್ದರೆ ಅದು ಅವಸರದ ಕೆಲಸ, ಬೇಡ ಎನ್ನಿ.

ಹತ್ತಿಯೋ ಪಾಲಿಯೆಸ್ಟರೋ ಅನುಮಾನವಿದ್ದರೆ ಅಂಚಿನಿಂದ ನಾಲ್ಕೆಳೆ ದಾರ ಕಿತ್ತು ಸ್ಟೀಲ್ ತಟ್ಟೆಯ ಮೇಲಿಟ್ಟು ಸುಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡೂ ಆದರೆ ಮಿಶ್ರಣ.

ಎಲ್ಲಾ ಕೈ ಅಚ್ಚೇ ಆಗಬೇಕೆಂದಿಲ್ಲ. ದಿನಾ ಬಿಸಿಲು ಬೀಳುವ ಕಿಟಕಿಗೆ, ಮಕ್ಕಳು ಹತ್ತಿ ಇಳಿಯುವ ಸೋಫಾಕ್ಕೆ ಒಳ್ಳೆಯ ಸ್ಕ್ರೀನ್ ಪ್ರಿಂಟಿನ ಹತ್ತಿಯೇ ಸರಿ. ದುಬಾರಿ ಬಟ್ಟೆಯನ್ನು ಕಣ್ಣಿಗೆ ಬೀಳುವ, ಕೈಗೆ ಸಿಗದ ಜಾಗಕ್ಕೆ ಇಟ್ಟುಕೊಳ್ಳಿ.

ನಮ್ಮ ಬಿಸಿಲಿಗೆ ಯಾವ ಬಣ್ಣ ತಡೆಯುತ್ತದೆ?

ಇದನ್ನು ನಕ್ಷೆಗಿಂತ ಮೊದಲು ಕೇಳಬೇಕು. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ಬಂತೆಂದರೆ 40 ಡಿಗ್ರಿ ಮಾಮೂಲು. ಪಶ್ಚಿಮದ ಕಿಟಕಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ನೇರ ಬಿಸಿಲು. ಸಹಜ ಬಣ್ಣಗಳಲ್ಲಿ ನೀಲಿ, ಮಂಜಿಷ್ಠದ ಕೆಂಪು ಮತ್ತು ಕಬ್ಬಿಣ–ಬೆಲ್ಲ ಹುದುಗಿಸಿ ಮಾಡಿದ ಕಪ್ಪು ಚೆನ್ನಾಗಿ ತಡೆಯುತ್ತವೆ. ಅರಿಶಿನದ ಹಳದಿ ತಡೆಯುವುದೇ ಇಲ್ಲ. ದಾಳಿಂಬೆ ಸಿಪ್ಪೆಯ ಹಳದಿ ಅದಕ್ಕಿಂತ ಮೇಲು, ಆದರೂ ಕೆಂಪಿನ ಸಮಕ್ಕೆ ಬರುವುದಿಲ್ಲ. ನೀಲಿಯ ಮೇಲೆ ಹಳದಿ ಕೊಟ್ಟು ತಂದ ಹಸಿರಿನಲ್ಲಿ ಹಳದಿ ಮೊದಲು ಹಾರುತ್ತದೆ, ಎಲೆಗಳೆಲ್ಲ ನೀಲಿಯಾಗಿ ಉಳಿಯುತ್ತವೆ. ಕೆಲವರಿಗೆ ಆ ನೋಟವೇ ಇಷ್ಟ, ಅದು ಬೇರೆ ಮಾತು.

ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳ ಪರದೆಗೆ ಅಸ್ತರ ಕಡ್ಡಾಯ. ಬಿಳಿ ಕೇಸ್‌ಮೆಂಟ್ (ಸಾದಾ ಹತ್ತಿ ಬಟ್ಟೆ) ಅಥವಾ ಒಗೆದ ಕೋರಾ ಬಟ್ಟೆ ಸಾಕು. ಬಿಸಿಲಿಗೆ ಮೊದಲು ಅದು ಸವೆಯುತ್ತದೆ, ಅದನ್ನಷ್ಟೇ ಬದಲಿಸಬಹುದು. ಅಸ್ತರವನ್ನು ಮುಖ್ಯ ಬಟ್ಟೆಯ ಜೊತೆ ಕೆಳಅಂಚಿನಲ್ಲಿ ಸೇರಿಸಿ ಹೊಲಿಸಬೇಡಿ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಪರದೆ ಸೊಟ್ಟಗೆ ಎಳೆಯುತ್ತದೆ. ಮೇಲೆ ಮತ್ತು ಪಕ್ಕಗಳಲ್ಲಿ ಮಾತ್ರ ಹೊಲಿಗೆ, ಕೆಳಗೆ ಅಸ್ತರ 1 ಇಂಚು ಮೋಟು. ದಾರ ಪಾಲಿಯೆಸ್ಟರಿನದೇ ಇರಲಿ. ಬಟ್ಟೆ ಗಟ್ಟಿಯಿದ್ದರೂ ಹತ್ತಿ ದಾರ ಬಿಸಿಲಿಗೆ ಮೊದಲು ಬಿಡುತ್ತದೆ.

ಒಂದು ಕಿಟಕಿ ಪರದೆಗೆ ಎಷ್ಟು ಬಟ್ಟೆ ಬೇಕು?

ಹೆಚ್ಚು ದುಡ್ಡು ಹಾಳಾಗುವುದು ಈ ಲೆಕ್ಕದಲ್ಲೇ. ಮೊದಲು ಪನ್ನಾ, ಅಂದರೆ ಬಟ್ಟೆಯ ಅಗಲ, ಕೇಳಿ. ಕೈ ಅಚ್ಚಿನ ಬಟ್ಟೆ ಸಾಮಾನ್ಯವಾಗಿ 44 ಇಂಚು ಪನ್ನಾ, ಅಂಚು ಬಿಟ್ಟರೆ ಕೈಗೆ ಸಿಗುವುದು 43. ಫರ್ನಿಶಿಂಗ್ ಬಟ್ಟೆ 54 ಇಂಚು.

4 ಅಡಿ ಅಗಲದ ಕಿಟಕಿ ತೆಗೆದುಕೊಳ್ಳೋಣ. ಎರಡೂ ಪಕ್ಕ 6 ಇಂಚು ಬಿಟ್ಟು ರಾಡ್ 60 ಇಂಚು. ನೆರಿಗೆ ಚೆನ್ನಾಗಿ ಬೀಳಬೇಕಿದ್ದರೆ ಬಟ್ಟೆಯ ಅಗಲ ರಾಡಿನ ಎರಡರಷ್ಟಿರಬೇಕು, ಅಂದರೆ 120. 44 ಪನ್ನಾದಲ್ಲಿ ಮೂರು ತುಂಡು ಜೋಡಿಸಿ, ಒಂದೊಂದು ಪರದೆಗೆ ಒಂದೂವರೆ. ಎರಡೇ ತುಂಡಿನಲ್ಲಿ ಮುಗಿಸಿದರೆ ಮುಚ್ಚಿದಾಗ ಪರದೆ ಬೆಡ್‌ಶೀಟ್ ಒಣಗಲು ಹಾಕಿದ ಹಾಗೆ ಚಪ್ಪಟೆ ಕಾಣುತ್ತದೆ, ಆಗ ಹೂವಿನ ನಕ್ಷೆಯೂ ಕಣ್ಣಿಗೆ ಹೊಡೆಯುತ್ತದೆ.

ಉದ್ದ: ರಾಡ್ ನೆಲದಿಂದ ಏಳೂವರೆ ಅಡಿ ಎತ್ತರದಲ್ಲಿದ್ದರೆ 90 ಇಂಚು. ಐಲೆಟ್ ರಿಂಗಿನ (ರಾಡ್ ತೂರಿಸಲು ಬಟ್ಟೆಯಲ್ಲೇ ಕೂರಿಸಿದ ಉಂಗುರ) ಪರದೆ ರಾಡಿನ ಮೇಲೆ ಒಂದೂವರೆ ಇಂಚು ನಿಲ್ಲುತ್ತದೆ, ಕೆಳಗೆ ನೆಲದಿಂದ 1 ಇಂಚು ಬಿಡಬೇಕು. ಸಿದ್ಧ ಪರದೆ 90.5 ಇಂಚು. ಕೆಳಗಿನ ಎರಡು ಮಡಿಕೆಗೆ 6, ಮೇಲಿನ ಪಟ್ಟಿಗೆ 4 ಸೇರಿಸಿದರೆ 100.5. ಶೇ 5ರಷ್ಟು ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 106. ಈಗ ನಕ್ಷೆ ಎಷ್ಟು ಇಂಚಿಗೆ ಮರುಕಳಿಸುತ್ತದೆ ನೋಡಿ. 12 ಇಂಚಿಗೊಮ್ಮೆ ಎಂದಾದರೆ 106ರ ಮೇಲಿನ 12ರ ಗುಣಕ 108. ಮೂರು ತುಂಡಿಗೆ 324 ಇಂಚು, ಅಂದರೆ 8.23 ಮೀಟರ್. ಎಂಟೂವರೆ ಮೀಟರ್ ತನ್ನಿ. 54 ಪನ್ನಾದಲ್ಲಿ ಎರಡು ತುಂಡು ಸಾಕು. ನೆರಿಗೆ ತುಸು ಕಡಿಮೆಯಾದರೂ ಐದೂಮುಕ್ಕಾಲು ಮೀಟರಿನಲ್ಲಿ ಮುಗಿಯುತ್ತದೆ.

ಒಂದೇ ಥಾನಿನಿಂದ ಒಂದೇ ಸಲ ಕತ್ತರಿಸಿಕೊಳ್ಳಿ. ಆರು ತಿಂಗಳ ಮೇಲೆ ಹೋದರೆ ಅದೇ ಅಚ್ಚು ಸಿಗಬಹುದು, ಅದೇ ಕೆಂಪು ಸಿಗುವುದಿಲ್ಲ.

ಜೋಡಿಸಿದ ಕಡೆ ಹೂವು ಹೊಂದಿಕೆಯಾಗುತ್ತಿಲ್ಲ. ಟೇಲರ್‌ಗೆ ಏನು ಹೇಳಬೇಕು?

ಒಂದು ತುಂಡಿನ ಅಂಚನ್ನು ಅರ್ಧ ಇಂಚು ಒಳಗೆ ಮಡಿಸಿ ಇಸ್ತ್ರಿ ಮಾಡಿ, ಇನ್ನೊಂದರ ನಕ್ಷೆಯ ಮೇಲೆ ಕೂರಿಸಿ, ಮೇಲಿನಿಂದಲೇ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಮಿಶನ್ ಹೊಡೆಯಲು ಹೇಳಿ. ಕೈ ಅಚ್ಚಿನಲ್ಲಿ ಎಂಟಡಿ ಉದ್ದಕ್ಕೂ ಹೊಂದಿಕೆ ಬರುವುದಿಲ್ಲ, ಏಕೆಂದರೆ ಒತ್ತಿದವರ ಕೈ ಅಲ್ಲಲ್ಲಿ ಜಾರಿರುತ್ತದೆ. ಕಣ್ಣಿನ ಎತ್ತರದಲ್ಲಿ, ನೆಲದಿಂದ ಸುಮಾರು ಐದಡಿಯಲ್ಲಿ, ಸರಿಯಾಗಿ ಹೊಂದಿಸಿ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೊಲಿಯಬೇಕು. ತುದಿಯಲ್ಲಿ ಕಾಲು ಇಂಚು ತಪ್ಪಿದರೆ ಯಾರೂ ನೋಡುವುದಿಲ್ಲ. ಟೇಲರ್‌ಗಳು ರೂಢಿಯಂತೆ ಮೇಲಿನಿಂದ ಶುರು ಮಾಡುತ್ತಾರೆ, ತಪ್ಪೆಲ್ಲ ಬಂದು ಕಣ್ಣೆದುರೇ ಕೂರುತ್ತದೆ. ಅರ್ಧ ಪನ್ನಾದ ತುಂಡು ಗೋಡೆ ಕಡೆಗಿರಲಿ, ಪೂರ್ತಿ ಪನ್ನಾ ಕಿಟಕಿಯ ನಡುವಿಗೆ ಬರಲಿ. ಐಲೆಟ್ ರಿಂಗ್ ಪ್ರತಿ ಪರದೆಗೂ ಸಮಸಂಖ್ಯೆಯಲ್ಲಿರಬೇಕು. 60 ಇಂಚಿಗೆ 10 ಸರಿ. 9 ಅಥವಾ 11 ಹಾಕಿದರೆ ಒಂದು ತುದಿ ಗೋಡೆ ಕಡೆಗೆ, ಇನ್ನೊಂದು ಮನೆಯೊಳಕ್ಕೆ ಚಾಚುತ್ತದೆ.

ಹೊಲಿಸುವ ಮೊದಲು ಒಗೆಯಲೇಬೇಕಾ?

ಹೌದು. ರಾತ್ರಿಯಿಡೀ ಬರೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್‌ನಲ್ಲಿ ಅದ್ದಿ ತೆಗೆದು, ಹಿಂಬದಿ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ. ಮಾಳಿಗೆಯ ಮೇಲೆ ಮಧ್ಯಾಹ್ನ ಹರವಿದರೆ ತಂತಿಯ ಮೇಲಿನ ಮಡಿಕೆಯಷ್ಟೂ ಬಣ್ಣ ಇಳಿಯುತ್ತದೆ.

ಎಷ್ಟು ಕುಗ್ಗುತ್ತದೆಂದು ತಿಳಿಯಲು ತುಂಡಿನ ಮೇಲೆ 50 ಸೆಂಟಿಮೀಟರ್ ಗುರುತು ಮಾಡಿ ಒಗೆಯಿರಿ. 48 ಆದರೆ ಶೇ 4. ಸಡಿಲ ನೇಯ್ಗೆಯದು ಶೇ 8ರವರೆಗೂ ಹೋಗುತ್ತದೆ. ಅಂಥದ್ದನ್ನು ಪರದೆಗೆ ತರಬೇಡಿ.

ಬಣ್ಣ ಬಿಡುತ್ತದೆ. ಉಪ್ಪು, ವಿನೆಗರ್ ಹಾಕಿದರೆ ನಿಲ್ಲುತ್ತದಾ?

ನಿಲ್ಲುವುದಿಲ್ಲ. ಬಣ್ಣ ಕೂರುವುದು ಒತ್ತುವ ಜಾಗದಲ್ಲೇ ಆಗಬೇಕಾದ ಕೆಲಸ. ಸಹಜ ಬಣ್ಣಕ್ಕೆ ಮೊದಲೇ ಅಳಲೆಕಾಯಿ ಮತ್ತು ಪಟಿಕ ಕೊಟ್ಟಿರುತ್ತಾರೆ, ರಾಸಾಯನಿಕ ಬಣ್ಣಕ್ಕೆ ಕ್ಷಾರ ಮತ್ತು ಹಬೆ. ಅಂಟದೆ ಉಳಿದದ್ದು ಮೊದಲ ಎರಡು ಮೂರು ಒಗೆತದಲ್ಲಿ ಹೋಗಲೇಬೇಕು. ನೀರು ಪ್ರತಿ ಸಲ ತಿಳಿಯಾಗುತ್ತ ಬಂದರೆ ಚಿಂತೆಯಿಲ್ಲ. ಐದನೇ ಸಲವೂ ಅಷ್ಟೇ ಗಾಢವಾಗಿ ಬಿಟ್ಟರೆ ಆ ಬಟ್ಟೆಯನ್ನು ತಿಳಿ ಬಣ್ಣದ ಸೋಫಾದ ಹತ್ತಿರ ತರಬೇಡಿ.

ಕೊಳ್ಳುವಾಗಲೇ ಬಿಳಿ ಕರ್ಚೀಫ್ ಒದ್ದೆ ಮಾಡಿ ಹತ್ತು ಸಲ ಉಜ್ಜಿ ನೋಡಿ. ಸಹಜ ನೀಲಿ ಉಜ್ಜಿದರೆ ಸ್ವಲ್ಪ ಬಂದೇ ಬರುತ್ತದೆ, ಅದು ಅದರ ಜಾಯಮಾನ. ಮೈಯಲ್ಲಿ ಬಣ್ಣ ಪ್ಲಾಸ್ಟಿಕ್ಕಿನ ಹಾಗೆ ಗಡುಸಾಗಿದ್ದರೆ ಅದು ಪಿಗ್ಮೆಂಟ್ ಪ್ರಿಂಟ್, ಅಂದರೆ ಬಣ್ಣವನ್ನು ಅಂಟಿನಿಂದ ಮೇಲೆ ಕೂರಿಸಿದ್ದು. ನೀರಿಗೆ ಬಿಡದಿದ್ದರೂ ಮಡಿಕೆ ಬಿದ್ದ ಕಡೆ ಸವೆದು ಬಿಳಿ ಗೆರೆ ಮೂಡುತ್ತದೆ. ಇಸ್ತ್ರಿ ಯಾವಾಗಲೂ ಹಿಂಬದಿಯಿಂದ.

ಕುಶನ್ ಕವರಿಗೆ ಅಳತೆ ಹೇಳಿ.

16 ಇಂಚಿನ ಕವರಿಗೆ 17×17ರ ಮುಂಭಾಗ ಒಂದು, 17×12ರ ಹಿಂಭಾಗ ಎರಡು. ಹಿಂದಿನ ತುಂಡುಗಳ ಒಂದೊಂದು ಅಂಚಿಗೆ 1 ಇಂಚು ಮಡಿಕೆ ಹೊಡೆದು ಒಂದರ ಮೇಲೊಂದು ಹೊದಿಸಿದರೆ 5 ಇಂಚು ಮುಚ್ಚಿಕೊಳ್ಳುತ್ತದೆ, ಜಿಪ್ ಬೇಡ. ಒಳಗೆ ಹಾಕುವ ಕುಶನ್ 18 ಇಂಚಿನದಿರಲಿ. ಸಮ ಅಳತೆಯದನ್ನು ಹಾಕಿದರೆ ಮೂಲೆಗಳು ನಾಯಿ ಕಿವಿಯಂತೆ ಜೋತು ಬೀಳುತ್ತವೆ. ಐದು ಕವರಿಗೆ 44 ಪನ್ನಾದಲ್ಲಿ 3 ಮೀಟರ್. ಹಿಂಬದಿಗೆ ಸಾದಾ ಬಟ್ಟೆ ಹಾಕಿದರೆ ಅಚ್ಚಿನದು ಒಂದೂವರೆ ಮೀಟರ್ ಸಾಕು, ಮತ್ತು ನೋಟವೂ ಅದೇ ಚೆಂದ.

ದೀವಾನದ ಲೋಡಿಗೆ ವ್ಯಾಸವನ್ನು 3.14ರಿಂದ ಗುಣಿಸಿ. 9 ಇಂಚು ದಪ್ಪದ ಲೋಡಿಗೆ ಸುತ್ತಳತೆ ಇಪ್ಪತ್ತೆಂಟೂಕಾಲು, ಹೊಲಿಗೆಗೆ 1 ಇಂಚು ಸೇರಿಸಿ.

ಎಷ್ಟು ಬಗೆಯ ನಕ್ಷೆಗಳನ್ನು ಒಂದೇ ಕೋಣೆಯಲ್ಲಿ ಬೆರೆಸಬಹುದು?

ಮೂರು, ಅದಕ್ಕಿಂತ ಹೆಚ್ಚು ಬೇಡ. ಮೂರೂ ಬೇರೆ ಬೇರೆ ಗಾತ್ರದವಾಗಿರಲಿ: ಅಂಗೈಗಿಂತ ದೊಡ್ಡ ಹೂವು ಒಂದು, ಹೆಬ್ಬೆರಳಿನಷ್ಟು ಬುಟ್ಟಾ ಒಂದು, ಗೆರೆ ಅಥವಾ ಚೌಕುಳಿ ಒಂದು. ಒಂದು ಬಣ್ಣ ಮೂರರಲ್ಲೂ ಇರಬೇಕು. ಅದೇ ಕೆಂಪು ಸಿಗದಿದ್ದರೆ ಅದೇ ನೆಲದ ಬಣ್ಣ ಇರಲಿ. ಶುಭ್ರ ಬಿಳಿ ನೆಲದ ಸಾಂಗಾನೇರಿ ಪಕ್ಕ ಕೆನೆ ನೆಲದ ಬಗ್ರು ಇಟ್ಟರೆ ಬಗ್ರು ಒಗೆಯದ ಬಟ್ಟೆಯಂತೆ ಕಾಣುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ನೆಲವೂ ಲೆಕ್ಕಕ್ಕೆ ಬರುತ್ತದೆ. ಕಡಪ ಕಲ್ಲು ಅಥವಾ ಶಹಾಬಾದ್ ಕಲ್ಲಿನ ನೆಲ ಶಾಂತವಾಗಿರುತ್ತದೆ, ಅದರ ಮೇಲೆ ಎಂಥ ಕಲಂಕಾರಿಯೂ ನಡೆಯುತ್ತದೆ. ಚುಕ್ಕಿ ಚುಕ್ಕಿ ಗ್ರಾನೈಟ್ ಅಥವಾ ಹೂವಿನ ಟೈಲ್ಸ್ ಇದ್ದರೆ ಅದೇ ಒಂದು ನಕ್ಷೆ ಎಂದು ಎಣಿಸಿ, ಬಟ್ಟೆಯಲ್ಲಿ ಎರಡಕ್ಕೆ ನಿಲ್ಲಿಸಿ.

ಹಳೇ ನೋಟ ಬರುವುದು ಅಚ್ಚಿನ ಬಟ್ಟೆ ಹೆಚ್ಚಿದ್ದರಿಂದಲ್ಲ, ಅದರ ಸುತ್ತ ಸಾದಾ ಬಟ್ಟೆ ಸಾಕಷ್ಟಿದ್ದರಿಂದ. ಪರದೆ, ಸೋಫಾ, ಕುಶನ್, ಮೇಜಿನ ಹೊದಿಕೆ ಎಲ್ಲಕ್ಕೂ ಒಂದೇ ಹೂವು ಹಾಕಿದ ಮನೆಗೆ ಹೋಟೆಲಿನ ಕಳೆ ಬರುತ್ತದೆ.

ಊಟದ ಕುರ್ಚಿಗಳಿಗೆ ಅಚ್ಚಿನ ಬಟ್ಟೆ ಹಾಕಬಹುದೇ? ಬೇಗ ಹರಿಯುತ್ತದೆ ಎನ್ನುತ್ತಾರೆ.

ಹಾಗೇ ಹಾಕಿದರೆ ಹರಿಯುತ್ತದೆ. ಕುರ್ತಾಕ್ಕೆ ಬಳಸುವ ಕೇಂಬ್ರಿಕ್ ಚದರ ಮೀಟರಿಗೆ ಸುಮಾರು 100 ಗ್ರಾಂ ತೂಗುತ್ತದೆ. ಕೂರುವ ಜಾಗಕ್ಕೆ 250 ಗ್ರಾಂ ಮೇಲಿರಬೇಕು. ಉಪಾಯ ಬಳ್ಳಾರಿಯಲ್ಲೇ ಇದೆ. ಕೌಲ್ ಬಜಾರ್ ಕಡೆಯ ಜೀನ್ಸ್ ಘಟಕಗಳ ಡೆನಿಮ್ ಕಟ್ ಪೀಸನ್ನು ಅಚ್ಚಿನ ಬಟ್ಟೆಯ ಕೆಳಗೆ ಬೆನ್ನಿಗೆ ಕೊಟ್ಟು, ಸುತ್ತಲೂ ಹೊಲಿಗೆ ಹಾಕಿ ಒಂದೇ ಬಟ್ಟೆಯಂತೆ ಮಾಡಿಕೊಳ್ಳಿ. ಡೆನಿಮನ್ನು ಮೊದಲು ಎರಡು ಮೂರು ಸಲ ಒಗೆಯದಿದ್ದರೆ ಬೆವರು, ನೀರು ತಾಗಿದಾಗ ಅದರ ನೀಲಿ ಮೇಲಿನ ತಿಳಿ ಹೂವಿಗೆ ಏರುತ್ತದೆ. ತಿಳಿ ನೆಲದ ನಕ್ಷೆಗೆ ಡೆನಿಮ್ ಬದಲು ಕೋರಾ ಕ್ಯಾನ್ವಾಸ್ ಒಳ್ಳೆಯದು. ಮನೆಯ ಮಿಶನ್ನಿಗೆ ಈ ಎರಡು ಪದರ ಭಾರ. 16 ನಂಬರ್ ಸೂಜಿ ಬೇಕು. ಜೀನ್ಸ್ ಹೊಲಿಯುವವರ ಮಿಶನ್ನಿನಲ್ಲಿ ಇದು ಸಲೀಸು. ಬರೀ ಕೇಂಬ್ರಿಕ್‌ಗೆ 11, ಕ್ಯಾನ್ವಾಸ್‌ಗೆ 14.

18×18ರ ಎತ್ತಿ ತೆಗೆಯುವ ಸೀಟು, ಒಂದೂವರೆ ಇಂಚಿನ ಫೋಮ್ ಎಂದಿಟ್ಟುಕೊಳ್ಳಿ. ಪ್ರತಿ ಪಕ್ಕಕ್ಕೆ ಫೋಮಿಗೆ ಒಂದೂವರೆ, ಕೆಳಗೆ ಮಡಿಸಲು 2 ಸೇರಿದರೆ 25×25 ಇಂಚಿನ ತುಂಡು. 44 ಪನ್ನಾದಲ್ಲಿ ಒಂದು ಸಾಲಿಗೆ ಒಂದೇ ಸೀಟು ಬರುತ್ತದೆ, ಆರು ಕುರ್ಚಿಗೆ 4 ಮೀಟರ್. 54ರಲ್ಲಿ ಎರಡೆರಡು ಬರುತ್ತವೆ, 2 ಮೀಟರ್ ಸಾಕು. ಪನ್ನಾ ನೋಡದೆ ಮೀಟರಿನ ಬೆಲೆಯಷ್ಟೇ ಹೋಲಿಸುವವರು ಇಲ್ಲಿ ಮೋಸಹೋಗುತ್ತಾರೆ. ಪ್ರತಿ ಸೀಟಿನ ನಡುವೆ ಅದೇ ಹೂವು ಕೂರಬೇಕಿದ್ದರೆ ಒಂದೊಂದು ಸಾಲಿಗೂ ಒಂದು ಮರುಕಳಿಕೆಯಷ್ಟು ಹೆಚ್ಚು ಹಿಡಿಯಿರಿ.

ಬಟ್ಟೆಯನ್ನು ಮಗುಚಿ ಹಾಸಿ, ಮೇಲೆ ಫೋಮು, ಅದರ ಮೇಲೆ ಪ್ಲೈವುಡ್. ಸ್ಟೇಪಲ್ ಗನ್ನಿನ ಮೊದಲ ಪಿನ್ನು ಮುಂದಿನ ಅಂಚಿನ ನಡುವೆ, ಎರಡನೆಯದು ಹಿಂದಿನ ಅಂಚಿನ ನಡುವೆ, ಆಮೇಲೆ ಎಡ, ಬಲ. ಸೀಟನ್ನು ತಿರುಗಿಸಿ ಹೂವು ನೆಟ್ಟಗಿದೆಯಾ ನೋಡಿ. ಆಮೇಲೆ ನಡುವಿನಿಂದ ಮೂಲೆಯತ್ತ 1 ಇಂಚಿಗೊಂದರಂತೆ 8 ಮಿಲಿಮೀಟರ್ ಪಿನ್ನು. ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆ ಓರೆಯಾಗಿ ಎಳೆದು ಗೆರೆ ನಕ್ಷೆ ಹಾವಿನಂತೆ ಹೊರಳುತ್ತದೆ. ಮೂಲೆಯ ಮಡಿಕೆ ಪಕ್ಕಕ್ಕಿರಲಿ, ಮುಂದಕ್ಕೆ ಬೇಡ. 8 ಮಿಲಿಮೀಟರಿಗಿಂತ ತೆಳು ಪ್ಲೈ ಇದ್ದರೆ ಪಿನ್ನು ತೂರಿ ಹೊರಬರುತ್ತದೆ, ಮೊದಲು ಒಂದು ಹೊಡೆದು ನೋಡಿ.

ಸಂಡೂರು ಕಡೆಯ ಕೆಂಧೂಳು ಪರದೆಗೆ ಹತ್ತಿದರೆ ಹೋಗುತ್ತಲೇ ಇಲ್ಲ.

ಅದಿರಿನ ಧೂಳು ಎಂದರೆ ಕಬ್ಬಿಣದ ಆಕ್ಸೈಡ್. ಒಣಗಿದ್ದಾಗ ಬಟ್ಟೆಯ ಮೇಲೆ ಕೂತಿರುತ್ತದೆ, ಒದ್ದೆಯಾದರೆ ಎಳೆಯೊಳಕ್ಕೆ ಇಳಿಯುತ್ತದೆ. ಆದ್ದರಿಂದ ನೀರಿಗೆ ಹಾಕುವ ಮೊದಲು ಹೊರಗೆ ಒಯ್ದು ಹಿಂಬದಿಯಿಂದ ಕೊಡವಿ, ಮೆತ್ತನೆ ಬ್ರಷ್ ಅಥವಾ ವ್ಯಾಕ್ಯೂಮ್ ಹಿಡಿಯಿರಿ. ಆಮೇಲೆ ಬರೀ ನೀರಲ್ಲಿ ಎರಡು ಸಲ ಅದ್ದಿ, ನೀರು ಕೆಂಪಾಗುವುದು ನಿಂತ ಮೇಲೆಯೇ ಡಿಟರ್ಜೆಂಟ್. ನೇರವಾಗಿ ಸೋಪು ಹಚ್ಚಿ ಕಲ್ಲಿಗೆ ಉಜ್ಜಿದರೆ ಧೂಳು ಮರಳು ಕಾಗದದಂತೆ ಅಚ್ಚನ್ನೂ ಕೆರೆಯುತ್ತದೆ.

ಬ್ಲೀಚ್ ಬೇಡ. ಅದು ಕಬ್ಬಿಣದ ಕಲೆ ತೆಗೆಯುವುದಿಲ್ಲ, ಬಣ್ಣವನ್ನಷ್ಟೇ ತೆಗೆಯುತ್ತದೆ. ತುಕ್ಕಿನ ಕಲೆಗೆ ಬಳಸುವ ಆಕ್ಸಾಲಿಕ್ ಆಮ್ಲ ಸಾದಾ ಬಿಳಿ ಅಸ್ತರಕ್ಕೆ ಸರಿ. ಬಗ್ರು, ಕಲಂಕಾರಿಗೆ ತಾಗಿದರೆ ಧೂಳಿನ ಜೊತೆ ಕಪ್ಪು ಗೆರೆಯೂ ಹೋಗುತ್ತದೆ, ಏಕೆಂದರೆ ಆ ಕಪ್ಪೂ ಕಬ್ಬಿಣದ್ದೇ. ರಸ್ತೆ ಬದಿಯ ಮನೆಯಾದರೆ ಕೆನೆ ನೆಲದ ಹಂಬಲ ಬಿಟ್ಟು ಇಟ್ಟಿಗೆ ಕೆಂಪು ನೆಲದ ಬಟ್ಟೆ ತನ್ನಿ.

ಕಿಟಕಿಯಲ್ಲಿ ಕೂಲರ್ ಇದೆ. ಪರದೆ ಮೇಲೆ ಬಿಳಿ ಕಲೆ ಬೀಳುತ್ತಿದೆ.

ಬೋರ್‌ವೆಲ್ ನೀರಿನ ಸುಣ್ಣದಂಶ ಅದು. ಹನಿ ಒಣಗಿದ ಕಡೆ ಉಪ್ಪು ಉಳಿಯುತ್ತದೆ. ಆ ಕಿಟಕಿಗೆ ಬೇಸಿಗೆಯಲ್ಲಿ ಉದ್ದ ಪರದೆಯೇ ಬೇಡ, ಕೂಲರಿನ ಎರಡೂ ಪಕ್ಕ ಒಂದಡಿ ದೂರಕ್ಕೆ ಕಟ್ಟಿಡಿ ಅಥವಾ ಮೇಲೆ ಮೋಟು ಝಾಲರು ಮಾತ್ರ ಬಿಡಿ. ಬಿದ್ದ ಕಲೆಗೆ ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಒರೆಸಿ, ಕೂಡಲೇ ತೊಳೆಯಿರಿ. ಸಹಜ ಬಣ್ಣದ ಬಟ್ಟೆಗೆ ಇದೂ ಬೇಡ, ಬರೀ ನೀರಲ್ಲಿ ನೆನೆಸಿ ಬ್ರಷ್ ಹಿಡಿಯಿರಿ.

ಇದೇ ಗಡಸು ನೀರಿನಲ್ಲಿ ಬಾರ್ ಸೋಪು ಬಳಸಿದರೆ ಬೂದು ಪೊರೆ ಕಟ್ಟಿ ಎಲ್ಲಾ ಬಣ್ಣವೂ ಮಂಕಾಗುತ್ತದೆ. ಬಣ್ಣ ಹೋಯಿತೆಂದು ಬಟ್ಟೆ ಎಸೆಯುವ ಮೊದಲು, ಕೊನೆಯ ಅದ್ದುವಿಕೆಗೆ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ಬಳಸಿ ನೋಡಿ.

ಮೇಜಿನ ಹೊದಿಕೆಗೆ ನಿಂಬೆ, ಅರಿಶಿನ ಬಿದ್ದರೆ?

ಒಗ್ಗರಣೆ–ಮಿರ್ಚಿ ತಿನ್ನುವ ಮೇಜಿನ ಮೇಲೆ ನಿಂಬೆ ಬಿದ್ದೇ ಬೀಳುತ್ತದೆ. ನಿಂಬೆ, ಹುಣಸೆ ಎರಡೂ ಕಬ್ಬಿಣದ ಕಪ್ಪನ್ನು ಕರಗಿಸುತ್ತವೆ. ಬಿದ್ದ ತಕ್ಷಣ ನೀರು ಹಾಕಿದರೆ ಉಳಿಯುತ್ತದೆ, ಒಣಗಿದರೆ ಅಲ್ಲೊಂದು ಕಂದು ಬಿಳಚು ಕಲೆ ಖಾಯಂ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ತೊಳೆದು ಕಲೆಯಷ್ಟು ಜಾಗವನ್ನು ಬಿಸಿಲಿಗೆ ಹಿಡಿದರೆ ತಾನೇ ಮಾಯವಾಗುತ್ತದೆ. ಊಟದ ಮೇಜಿಗೆ ಸ್ಕ್ರೀನ್ ಪ್ರಿಂಟ್ ಹತ್ತಿಯೇ ವಾಸಿ.

ಹೊಸ ಬಟ್ಟೆಗೆ ಹಳೇ ಕಳೆ ಬರಿಸಲು ಚಹಾದಲ್ಲಿ ಅದ್ದಬಹುದಾ?

ತಿಳಿ ನೆಲದ ಹತ್ತಿಗೆ ಚೆನ್ನಾಗಿ ಬರುತ್ತದೆ, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. 2 ಮೀಟರ್ ಬಟ್ಟೆಗೆ 4–5 ಲೀಟರ್ ನೀರು, 40 ಗ್ರಾಂ ಚಹಾಪುಡಿ. ಹತ್ತು ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಪೂರ್ತಿ ಒದ್ದೆ ಮಾಡಿದ ಬಟ್ಟೆಯನ್ನು ಇಳಿಸಿ. 20 ನಿಮಿಷ ಕೈಯಾಡಿಸುತ್ತಲೇ ಇರಿ. ಒಣ ಬಟ್ಟೆ ಇಳಿಸಿದರೆ, ಅಥವಾ ಕೈಯಾಡಿಸದೆ ಬಿಟ್ಟರೆ ಮೋಡದಂಥ ಮಚ್ಚೆ ಬೀಳುತ್ತದೆ. ಒದ್ದೆಯಲ್ಲಿ ಗಾಢ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ.

ಕಬ್ಬಿಣದಂಶ ಇರುವ ಬೋರ್ ನೀರು, ಕಬ್ಬಿಣದ ಬಾಣಲೆ ಎರಡೂ ಬೇಡ. ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕೆನೆ ಬಣ್ಣದ ಬದಲು ಹೊಗೆಬೂದಿ ಬರುತ್ತದೆ, ಅದನ್ನು ತೆಗೆಯುವುದು ಕಷ್ಟ. ಸ್ಟೀಲ್ ಪಾತ್ರೆ, ಕ್ಯಾನ್ ನೀರು.

ಹಳೇ ಮಣ್ಣಿನ ಗೋಡೆಯಲ್ಲಿ ಪರದೆ ರಾಡ್ ನಿಲ್ಲುತ್ತಿಲ್ಲ.

ಕಲ್ಲು–ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಹಿಡಿಯುವುದಿಲ್ಲ, ಮಣ್ಣು ಉದುರಿ ತೂತು ದೊಡ್ಡದಾಗುತ್ತದೆ. ಬಾಗಿಲು–ಕಿಟಕಿಯ ಮರದ ಚೌಕಟ್ಟಿಗೇ ಬ್ರಾಕೆಟ್ ಕೂರಿಸಿ. ಅಗಲ ಬೇಕಿದ್ದರೆ 3 ಇಂಚು ಅಗಲದ ಮರದ ಪಟ್ಟಿಯನ್ನು ಚೌಕಟ್ಟಿಗೆ ಸ್ಕ್ರೂ ಮಾಡಿ ಅದರ ತುದಿಗಳಿಗೆ ಹಾಕಿ. ಆರ್‌ಸಿಸಿ ಮನೆಯಲ್ಲಿ ಕಿಟಕಿಯ ಮೇಲೆ ಲಿಂಟಲ್ ಇರುತ್ತದೆ. ಸಾದಾ ಡ್ರಿಲ್ ಅಲ್ಲಿ ಹೋಗುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಸುಣ್ಣ ಹೊಡೆದ ಗೋಡೆಗೆ ಕಲಂಕಾರಿ ತೂಗುಹಾಕುವಾಗ ಹಿಂದೆ ಅಸ್ತರ ಕೊಡಿ, ಇಲ್ಲದಿದ್ದರೆ ಸುಣ್ಣದ ಪುಡಿ ಬಟ್ಟೆಗೆ ಹತ್ತುತ್ತದೆ.

ಮನೆಯಲ್ಲಿ ಹಳೇ ಇಳಕಲ್ ಸೀರೆ, ಕೌದಿ, ಖಣ ಇವೆ. ಜೊತೆಗೆ ಬಳಸಬಹುದಾ?

ಬಳಸಲೇಬೇಕು. ಖಣ, ಇಳಕಲ್ ಎರಡೂ ನೇಯ್ದ ನಕ್ಷೆ. ಅಚ್ಚಿನ ಬಟ್ಟೆಗೆ ಅಂಚು ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ಕುಶನ್ ಸುತ್ತ 2 ಇಂಚು ಖಣದ ಪಟ್ಟಿ, ಸಾದಾ ಪರದೆಯ ಕೆಳಗೆ ಇಳಕಲ್ ಅಂಚು. ಆದರೆ ಹಳೇ ರೇಷ್ಮೆಯನ್ನು ಕಿಟಕಿಗೆ ಕಟ್ಟಬೇಡಿ. ಬಿಸಿಲಿಗೆ ರೇಷ್ಮೆ ಎಳೆ ಒಣಗಿ ಮಡಿಕೆಯಲ್ಲೇ ಸೀಳುತ್ತದೆ. ಬಟ್ಟೆ ಗಟ್ಟಿಯಿದೆಯಾ ತಿಳಿಯಲು ಬೆಳಕಿಗೆ ಹಿಡಿದು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಎಳೆಗಳು ದೂರ ಸರಿದು ಗೆರೆ ಕಂಡರೆ ಅದು ಹೊದಿಕೆಗೂ ಆಗದು, ಗಾಜಿನ ಚೌಕಟ್ಟಿಗೆ ಮಾತ್ರ.

ಕೌದಿ ಅದೇ ಒಂದು ಪೂರ್ತಿ ನಕ್ಷೆ. ಮಂಚದ ಕಾಲ್ದೆಸೆಯಲ್ಲಿ ಮಡಿಸಿ ಹಾಕಿ, ಹಾಸಿಗೆ ಸಾದಾ ಇರಲಿ. ಸಂಡೂರಿನ ಲಂಬಾಣಿ ಕಸೂತಿ ತುಣುಕುಗಳಿಗೆ ಸಾದಾ ನೀಲಿ ಅಥವಾ ಕಪ್ಪು ಬಟ್ಟೆಯೇ ಹಿನ್ನೆಲೆ. ಹೂವಿನ ಅಚ್ಚಿನ ಮೇಲೆ ಕೂರಿಸಿದರೆ ಎರಡೂ ಕೆಟ್ಟವು.

ಬಾಡಿಗೆ ಮನೆ, ಖರ್ಚು ಕಡಿಮೆ. ಎಲ್ಲಿಂದ ಶುರು ಮಾಡಲಿ?

ಒಂದೂವರೆ ಮೀಟರ್ ತಂದು ಐದು ಕುಶನ್. ಬಲ್ಬು ಬದಲಿಸಿ: 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಕೆಳಗೆ ಮಂಜಿಷ್ಠದ ಕೆಂಪು ಸತ್ತಂತೆ ಕಾಣುತ್ತದೆ, 2700–3000ದಲ್ಲಿ ಜೀವ ಬರುತ್ತದೆ. ಬಟ್ಟೆಗಿಂತ ಅಗ್ಗದ ಖರ್ಚು ಇದು.

ಹಬ್ಬಕ್ಕೆ ಮಾತ್ರ ಹಾಕುವ ಸೆಟ್ ಎತ್ತಿಡುವುದು ಹೇಗೆ?

ಗಂಜಿ ಹಾಕಿ ಎತ್ತಿಡಬೇಡಿ, ಬೆಳ್ಳಿಹುಳುವಿಗೆ ಗಂಜಿಯೇ ಊಟ. ಒಗೆದು, ಪೂರ್ತಿ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ. ಮಡಿಸುವ ಬದಲು ರಟ್ಟಿನ ಕೊಳವೆಗೆ ಸುರುಳಿ ಸುತ್ತಿದರೆ ಅಚ್ಚಿನ ಮೇಲೆ ಗೆರೆ ಬೀಳುವುದಿಲ್ಲ. ಬಟ್ಟೆ ಅಂಗಡಿಯವರನ್ನು ಕೇಳಿದರೆ ಕೊಳವೆ ಸಾಮಾನ್ಯವಾಗಿ ಪುಕ್ಕಟೆ ಕೊಡುತ್ತಾರೆ. ಎರೆಮಣ್ಣಿನ ಮೇಲೆ ಕಟ್ಟಿದ ಹಳೇ ಮನೆಗಳಲ್ಲಿ ಗೆದ್ದಲಿನ ಕಾಟವಿದ್ದರೆ ಟ್ರಂಕನ್ನು ಗೋಡೆಗೆ ತಾಗಿಸದೆ ಇಟ್ಟಿಗೆಗಳ ಮೇಲಿಡಿ. ಮಡಿಸಿಯೇ ಇಡುವುದಾದರೆ ಆರು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಕಬ್ಬಿಣದ ಕಪ್ಪು ಇರುವ ಕಡೆ ಬಟ್ಟೆ ಬೇಗ ಸೊರಗುತ್ತದೆ, ಹಳೇ ಮಡಿಕೆಯಲ್ಲಿ ಮೊದಲು ಹರಿಯುವುದೂ ಆ ಗೆರೆಯೇ.